ಹಳೆ ಮೆಷಿನ್ ಸಾಕು, ಗುಂಡಿ ಚಿಕ್ಕದಾಗಲಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕು ದನ. ಮಳೆಗಾಲದಲ್ಲಿ ಹುಲ್ಲು ಕೊಯ್ಯಲು ಆಳು ಸಿಗುವುದಿಲ್ಲ ಎಂದು ಕಳೆದ ವರ್ಷ ಗೋವಿನಜೋಳದ (ಮೆಕ್ಕೆಜೋಳದ) ರಸಮೇವು, ಅಂದರೆ ಹಸಿಮೇವನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುಳಿಸುವ ಸೈಲೇಜ್, ಮಾಡಿದೆವು. ಅಪ್ಪನ ಕಾಲದ ಮೇವು ಕತ್ತರಿಸುವ ಮೆಷಿನ್‌ಗೆ 2 ಎಚ್‌ಪಿ ಮೋಟರ್ ಕೂರಿಸಿಕೊಂಡಿದ್ದೇವೆ. ಹಳೆ ಪವರ್ ಟಿಲ್ಲರ್ ಒಂದಿದೆ. ಎಂಟು ಅಡಿ ಆಳದ ಗುಂಡಿ ತುಂಬಲು ನಾಲ್ಕು ದಿನ ಹಿಡಿಯಿತು. ಜುಲೈನಲ್ಲಿ ತೆಗೆದು ನೋಡಿದರೆ ಮೇಲೆ ಬೂಸ್ಟು, ಕೆಳಗೆ ಕಪ್ಪು ಕೊಚ್ಚೆ. ಅರ್ಧದಷ್ಟು ಗೊಬ್ಬರಗುಂಡಿಗೆ ಹೋಯಿತು. ಹೊಸ ಮೆಷಿನ್ ಇಲ್ಲದೆ ಒಳ್ಳೆ ರಸಮೇವು ಆಗುವುದಿಲ್ಲ ಎನ್ನುತ್ತಾರೆ. ನಿಜವಾ? ಈ ವರ್ಷ ಟ್ರ್ಯಾಕ್ಟರ್ ಬಾಡಿಗೆಗೆ ತಂದು ತುಳಿಸಬೇಕಾ?

ಉತ್ತರ: ನಿಜ ಅಲ್ಲ. ಟ್ರ್ಯಾಕ್ಟರೂ ಬೇಡ. ನಿಮ್ಮ ಮೆಷಿನ್ ಹಳೆಯದು ಅನ್ನುವುದು ಇಲ್ಲಿ ತೊಂದರೆಯೇ ಅಲ್ಲ. ಅದು ನಿಧಾನ, ಅಷ್ಟೇ. ನಿಧಾನದ ಮೆಷಿನ್‌ಗೆ ದೊಡ್ಡ ಗುಂಡಿ ಕೊಟ್ಟಿರಿ, ಕೆಟ್ಟದ್ದು ಅದರಿಂದ. ಗುಂಡಿಯನ್ನು ಮೆಷಿನ್‌ನ ಅಳತೆಗೆ ಇಳಿಸಿದರೆ ಇದೇ 2 ಎಚ್‌ಪಿ ಮೋಟರಿನಲ್ಲಿ ದುಡ್ಡು ಕೊಟ್ಟು ತರುವ ರಸಮೇವಿಗಿಂತ ಒಳ್ಳೆಯದನ್ನೇ ಮಾಡಬಹುದು.

ಗುಂಡಿಯೊಳಗೆ ಏನಾಯಿತು ಅಂತ ಮೊದಲು ನೋಡೋಣ. ಗೋವಿನಜೋಳದ ದಂಟು ಕೊಯ್ದ ತಕ್ಷಣ ಸಾಯುವುದಿಲ್ಲ. ಗಾಳಿ ಸಿಗುತ್ತಿರುವಷ್ಟು ಹೊತ್ತೂ ಉಸಿರಾಡುತ್ತಲೇ ಇರುತ್ತದೆ, ಉಸಿರಾಡಲು ತನ್ನಲ್ಲಿರುವ ಸಕ್ಕರೆಯನ್ನೇ ಸುಡುತ್ತದೆ, ಅದಕ್ಕೇ ಕತ್ತರಿಸಿ ರಾಶಿ ಹಾಕಿದ ಮೇವಿನೊಳಗೆ ಕೈ ಹಾಕಿದರೆ ಬೆಚ್ಚಗಿರುವುದು. ನಮಗೆ ಆ ಸಕ್ಕರೆ ಬೇಕು. ಗಾಳಿ ಪೂರ್ತಿ ನಿಂತ ಮೇಲೆ ಮೇವಿನ ಮೇಲೆ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಏರುತ್ತದೆ. ಹುಳಿಯ ಅಳತೆ ಪಿಎಚ್, ಹುಳಿ ಏರಿದಷ್ಟೂ ಅದು ಇಳಿಯುತ್ತದೆ; ಅದು 4ರ ಹತ್ತಿರ ಬಂದರೆ ಮತ್ತೆ ಕೊಳೆಸುವ ಜೀವಿಗಳಿಗೆ ಅಲ್ಲಿ ಬದುಕಲು ಆಗುವುದಿಲ್ಲ. ನಮ್ಮ ಕಡೆ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿ ಬಾಯಿ ಕಟ್ಟಿ ಇಡುತ್ತಾರಲ್ಲ, ಬಿಗಿ ತಪ್ಪಿದರೆ ಮೇಲೆ ಬಿಳಿ ಪರೆ ಕಟ್ಟುತ್ತದಲ್ಲ, ಲೆಕ್ಕ ಹೆಚ್ಚುಕಮ್ಮಿ ಅದೇ.

ನಿಮ್ಮ ಗುಂಡಿ ನಾಲ್ಕು ದಿನ ಬಾಯಿ ತೆರೆದುಕೊಂಡಿತ್ತು. ಮೊದಲ ದಿನ ಹಾಕಿದ್ದು ನಾಲ್ಕನೇ ದಿನದ ಹೊತ್ತಿಗೆ ಸಕ್ಕರೆ ಕಳೆದುಕೊಂಡು ಕುಳಿತಿತ್ತು. ಅದರ ಮೇಲೆ ನಮ್ಮ ಮಲೆನಾಡಿನ ನೆಲ. ಜೂನ್ ಕಳೆದ ಮೇಲೆ ಎಂಟು ಅಡಿ ಆಳದಲ್ಲಿ ಒರತೆ ಬಾರದ ಜಾಗ ಶಿರಸಿ, ಸಿದ್ದಾಪುರ ಕಡೆ ಎಷ್ಟಿದೆ ಹೇಳಿ? ಕೆಳಗಿನ ಕಪ್ಪು ಕೊಚ್ಚೆ ಆ ನೀರಿನದು. ಮೇಲಿನ ಬೂಸ್ಟು ಗಾಳಿಯದು. ಬಯಲುಸೀಮೆಯ ಗುಂಡಿ ಪದ್ಧತಿ ಅಲ್ಲಿಗೆ ಚೆನ್ನಾಗಿದೆ, ಇಲ್ಲಿಗೆ ಅಲ್ಲ. ನಮಗೆ ನೆಲದ ಮೇಲೆ ಗೋಡೆ ಕಟ್ಟಿ ಮಾಡುವ ಕಟ್ಟೆಯೇ ಸರಿ.

ಆಳದ ಗುಂಡಿ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ಮೇವು ಹುಳಿಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಮೊದಲ ಎರಡು ಮೂರು ವಾರ ಕೆಲವೊಮ್ಮೆ ಕಂದು ಬಣ್ಣದ ವಿಷಗಾಳಿಯೂ ಹುಟ್ಟುತ್ತದೆ. ಅರ್ಧ ತುಂಬಿದ ಗುಂಡಿಗೆ ಮರುದಿನ ಬೆಳಿಗ್ಗೆ ಇಳಿದವರು ಉಸಿರುಕಟ್ಟಿ ಬೀಳುವುದು ಹೀಗೆ. ದಯವಿಟ್ಟು ಯಾರನ್ನೂ ಇಳಿಸಬೇಡಿ.

ಈಗ ಅಳತೆಗೆ ಬರೋಣ. ನಾಲ್ಕು ದನಕ್ಕೆ ದಿನಕ್ಕೆ ತಲಾ 15 ಕಿಲೋ ಅಂದರೆ 60 ಕಿಲೋ. ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಉಂಬಳ ಕಚ್ಚಿಸಿಕೊಂಡು ಹುಲ್ಲು ಕೊಯ್ಯುವ ಆ ಎರಡು ತಿಂಗಳಿಗೆ, 3600 ಕಿಲೋ. ಇದನ್ನು ಒಂದೇ ಕಡೆ ತುಂಬಬೇಡಿ. ಕಟ್ಟೆಯನ್ನು ಮೂರು ಕೋಣೆ ಮಾಡಿ. ಒಂದೊಂದೂ 4 ಅಡಿ ಅಗಲ, 7 ಅಡಿ ಉದ್ದ, 3 ಅಡಿ ಎತ್ತರ. ಅಂದರೆ 84 ಘನ ಅಡಿ. ಚೆನ್ನಾಗಿ ತುಳಿದ ಮೇವು ಘನ ಅಡಿಗೆ ಸುಮಾರು 14 ಕಿಲೋ ತೂಗುತ್ತದೆ. ಒಂದು ಕೋಣೆಗೆ ಹತ್ತಿರ ಹತ್ತಿರ 1200 ಕಿಲೋ, ನಿಮ್ಮ ಕೊಟ್ಟಿಗೆಗೆ ಇಪ್ಪತ್ತು ದಿನದ ಮೇವು.

ಈ ಅಳತೆಯನ್ನು ಸುಮ್ನೆ ಹೇಳುತ್ತಿಲ್ಲ, ಎರಡು ಕಾರಣ ಇದೆ. ಒಂದು, ನಿಮ್ಮ ಮೆಷಿನ್ ತಾಸಿಗೆ 250 ಕಿಲೋ ಕತ್ತರಿಸಿದರೂ ಐದು ತಾಸಿನಲ್ಲಿ ಒಂದು ಕೋಣೆ ಮುಗಿಯುತ್ತದೆ. ಬೆಳಿಗ್ಗೆ ಶುರು ಮಾಡಿದರೆ ಸಂಜೆ ಕತ್ತಲಾಗುವ ಮೊದಲು ಪ್ಲಾಸ್ಟಿಕ್ ಮುಚ್ಚಿ ಭಾರ ಹೇರಬಹುದು. ಅದೇ ದಿನ ಮುಚ್ಚುವುದು, ಇದರಲ್ಲಿ ರಾಜಿ ಬೇಡ. ಎರಡು, ತೆಗೆಯುವಾಗ ಮೇವಿನ ತೆರೆದ ಮುಖ ದಿನಕ್ಕೆ ನಾಲ್ಕು ಇಂಚಿಗಿಂತ ಸ್ವಲ್ಪ ಜಾಸ್ತಿ ಹಿಂದೆ ಸರಿಯುತ್ತದೆ. ನಮ್ಮ ಸೆಕೆಗೆ ಇಷ್ಟಾದರೂ ವೇಗ ಬೇಕು. ತೆರೆದ ಮುಖದಿಂದ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ. ಅದು ಕೆಡಿಸುವ ಮೊದಲು ನೀವು ತೆಗೆದಿರಬೇಕು.

ಟ್ರ್ಯಾಕ್ಟರ್ ಬೇಡ ಅಂದದ್ದೂ ಇದಕ್ಕೇ. ಟ್ರ್ಯಾಕ್ಟರ್ ಓಡಾಡಬೇಕಾದರೆ ಕಡಿಮೆ ಅಂದರೂ 8 ಅಡಿ ಅಗಲ ಬೇಕು. ಎಂಟು ಅಡಿ ಅಗಲ, ನಾಲ್ಕು ಅಡಿ ಎತ್ತರದ ಮುಖದಿಂದ ದಿನಕ್ಕೆ 60 ಕಿಲೋ ತೆಗೆದರೆ ಮುಖ ಸರಿಯುವುದು ಒಂದೂವರೆ ಇಂಚು. ತೆಗೆದಷ್ಟೇ ಕೆಡುತ್ತಾ ಹೋಗುತ್ತದೆ. ಇಪ್ಪತ್ತು ಮೂವತ್ತು ದನ ಇರುವ ಹಳಿಯಾಳ, ಮುಂಡಗೋಡ ಕಡೆಯವರಿಗೆ ಹಳೆ ಟ್ರ್ಯಾಕ್ಟರ್ ಚಿನ್ನದಂಥ ತುಳಿಯುವ ಯಂತ್ರ. ಒಂದೂಮುಕ್ಕಾಲು ಟನ್ನಿನಷ್ಟು ಭಾರ ಸಣ್ಣ ಚಕ್ರದ ಮೇಲೆ ಬಿದ್ದರೆ ರೋಲರ್‌ಗಿಂತ ಚೆನ್ನಾಗಿ ಒತ್ತುತ್ತದೆ. ನಾಲ್ಕು ದನಕ್ಕೆ ಕಾಲೇ ಸಾಕು. ಪವರ್ ಟಿಲ್ಲರನ್ನು ಕಟ್ಟೆಯ ಮೇಲೆ ಹತ್ತಿಸುವ ಯೋಚನೆಯನ್ನೂ ಮಾಡಬೇಡಿ. ಅದು ಹಗುರ, ಮಗುಚುತ್ತದೆ. ಅದನ್ನು ಗದ್ದೆಯಿಂದ ಜೋಳ ತರಲು ಬಳಸಿ, ಕರೆಂಟ್ ಕೈಕೊಟ್ಟ ದಿನ ಬೆಲ್ಟ್ ಹಾಕಿ ಮೆಷಿನ್ ಓಡಿಸಲು ಇಟ್ಟುಕೊಳ್ಳಿ. ತುಂಬುವ ದಿನ ವೋಲ್ಟೇಜ್ ಬೀಳುವುದು ನಮ್ಮ ಲೈನುಗಳಲ್ಲಿ ಗೊತ್ತಿದ್ದದ್ದೇ ಅಲ್ವಾ. ಅರ್ಧ ತುಂಬಿದ ಕೋಣೆ ಇಟ್ಟುಕೊಂಡು ಕರೆಂಟಿಗೆ ಕಾಯುವ ಹಾಗಾಗಬಾರದು.

ಈಗ ಮೆಷಿನ್. ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ, ಆದರೆ ಅರ್ಧ ಗೆಲುವು ಇಲ್ಲಿದೆ.

ಹಳೆ ಮೆಷಿನ್ ಕತ್ತರಿಸಿದ ಒಂದು ಹಿಡಿ ಮೇವನ್ನು ಅಂಗಳದಲ್ಲಿ ಹರಡಿ ನೋಡಿ. ತುಂಡುಗಳ ತುದಿ ಚೊಕ್ಕ ಇದೆಯಾ, ಅಥವಾ ಸಿಪ್ಪೆ ಎಳೆದುಕೊಂಡು ನಾರು ನಾರಾಗಿ ಜೋತಾಡುತ್ತಿದೆಯಾ? ನಾರು ಜೋತಾಡಿದರೆ ಅಲಗು ಕತ್ತರಿಸುತ್ತಿಲ್ಲ, ಹರಿಯುತ್ತಿದೆ. ಅಂಥ ಮೇವು ಎಷ್ಟು ತುಳಿದರೂ ಸ್ಪ್ರಿಂಗಿನ ಹಾಗೆ ಮೇಲೇಳುತ್ತದೆ, ನಡುವೆ ಗಾಳಿ ಉಳಿಯುತ್ತದೆ. ನಮಗೆ ಬೇಕಾದದ್ದು ಅರ್ಧದಿಂದ ಮುಕ್ಕಾಲು ಇಂಚಿನ ತುಂಡು. ಎರಡು ಇಂಚಿನದು ಬಂದರೆ ದನ ದಂಟನ್ನು ಬಿಟ್ಟು ಎಲೆ ಆರಿಸಿ ತಿನ್ನುತ್ತದೆ, ಅದು ಬೇರೆ ನಷ್ಟ.

ಮೊದಲು ಮೋಟರಿನ ಪ್ಲಗ್ ಕಿತ್ತು ಬದಿಗಿಡಿ. ಸ್ವಿಚ್ ಆರಿಸಿದರೆ ಸಾಲದು, ಮಕ್ಕಳು ಯಾರಾದರೂ ಒತ್ತಿಬಿಡುತ್ತಾರೆ. ಚಕ್ರಕ್ಕೆ ಒಂದು ಕಟ್ಟಿಗೆ ತುಂಡು ಕೊಟ್ಟು ನಿಲ್ಲಿಸಿ ಅಲಗುಗಳನ್ನು ಬಿಚ್ಚಿ. ಅಲಗಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಇಳಿಜಾರು. ಇಳಿಜಾರಿನ ಬದಿಯನ್ನು ಮಾತ್ರ ಮಸೆಯಬೇಕು. ಚಪ್ಪಟೆ ಬದಿಯನ್ನೂ ಉಜ್ಜಿದರೆ ಅಲಗು ಕೆಳಗಿನ ಪಟ್ಟಿಯಿಂದ ದೂರ ಸರಿದು ಮೆಷಿನ್ ಹಾಳಾಗುತ್ತದೆ. ಗ್ರೈಂಡರ್ ಹಿಡಿಯುವುದಾದರೆ ಆಗಾಗ ನೀರಿನಲ್ಲಿ ಅದ್ದಿ. ಅಂಚು ನೀಲಿಯಾಯಿತೋ, ಉಕ್ಕಿನ ಗಟ್ಟಿತನ ಹೋಯಿತು, ಅರ್ಧ ದಿನಕ್ಕೆ ಮತ್ತೆ ಮೊಂಡಾಗುತ್ತದೆ. ನಿಮಗೆ ಕೈ ಇಲ್ಲದಿದ್ದರೆ ಊರಿನ ಆಚಾರಿಗೆ ಕೊಡಿ. ಅಲಗು ತೀರಾ ಸವೆದಿದ್ದರೆ ಹೊಸದು ಹಾಕಿ. ಈ ವರ್ಷ ನೀವು ಮೆಷಿನ್‌ಗೆ ಖರ್ಚು ಮಾಡಬೇಕಾದರೆ ಒಂದು ಜೊತೆ ಅಲಗಿಗೆ ಮಾಡಿ.

ಅಲಗು ಚೂಪಾದರೆ ಮುಗಿಯಲಿಲ್ಲ. ಅಲಗು ಉಜ್ಜಿಕೊಂಡು ಹೋಗುವ ಕೆಳಗಿನ ಉಕ್ಕಿನ ಪಟ್ಟಿ ಇದೆಯಲ್ಲ, ಕತ್ತರಿಯ ಇನ್ನೊಂದು ಬಾಯಿ ಅದು. ಹಳೆ ಮೆಷಿನ್‌ಗಳಲ್ಲಿ ಅದರ ಅಂಚು ಉರುಟಾಗಿರುತ್ತದೆ, ಯಾರೂ ನೋಡಿರುವುದಿಲ್ಲ. ಬಿಚ್ಚಿ ತಿರುಗಿಸಿ ಹಾಕಲು ಬರುವಂತಿದ್ದರೆ ಹಾಗೆ ಮಾಡಿ, ಇಲ್ಲವಾದರೆ ಅಂಚನ್ನು ನೇರ ಮಾಡಿಸಿ. ಆಮೇಲೆ ಅಲಗು ಜೋಡಿಸಿ ನಡುವಿನ ಸಂದು ನೋಡಬೇಕು. ಒಂದು ಹಳೆ ಪೇಪರಿನ ಹಾಳೆಯನ್ನು ಸ್ವಲ್ಪ ಒದ್ದೆ ಮಾಡಿ ಪಟ್ಟಿಯ ಮೇಲೆ ಇಡಿ. ಪ್ಲಗ್ ಇನ್ನೂ ಹೊರಗೇ ಇರಲಿ. ಚಕ್ರವನ್ನು ಅಲಗಿನಿಂದ ದೂರ ಹಿಡಿದು ಕೈಯಲ್ಲಿ ನಿಧಾನ ತಿರುಗಿಸಿ. ಅಲಗು ಈ ತುದಿಯಿಂದ ಆ ತುದಿಯವರೆಗೆ ಒದ್ದೆ ಕಾಗದವನ್ನು ಚೊಕ್ಕ ಕತ್ತರಿಸಬೇಕು, ಪಟ್ಟಿಗೆ ಬಡಿಯಬಾರದು. ಒಂದು ತುದಿಯಲ್ಲಿ ಕತ್ತರಿಸಿ ಇನ್ನೊಂದು ತುದಿಯಲ್ಲಿ ಮಡಚಿದರೆ ಆ ಬದಿಯ ಬೋಲ್ಟಿನ ಕೆಳಗೆ ತಗಡಿನ ಸಣ್ಣ ತುಂಡು ಕೊಟ್ಟು ಸರಿಮಾಡಿ. ಎರಡೂ ಅಲಗಿಗೂ ಬೇರೆ ಬೇರೆ ನೋಡಿ. ಸಮಾಧಾನ ಬೇಕಾದ ಕೆಲಸ. ಇದನ್ನು ಮಾಡಿದ ಮೇಲೆ ಮೋಟರಿನ ಸದ್ದೇ ಬದಲಾಗುತ್ತದೆ. 2 ಎಚ್‌ಪಿ ಸಾಲುವುದಿಲ್ಲ ಅಂತ ಅಂದುಕೊಂಡಿದ್ದವರಿಗೆ ಅದೇ ಧಾರಾಳ ಅನ್ನಿಸುತ್ತದೆ.

ಚಕ್ರದ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಲುಗಿದರೆ ಬೇರಿಂಗ್ ಅಥವಾ ಬುಶ್ ಹೋಗಿದೆ. ಆಗ ಸಂದು ಎಷ್ಟು ಸರಿಮಾಡಿದರೂ ಓಡುವಾಗ ತಪ್ಪುತ್ತದೆ. ಮೇವು ಎಳೆದುಕೊಳ್ಳುವ ಹಲ್ಲಿನ ರೋಲರ್ ಸವೆದಿದ್ದರೆ ದಂಟು ಜಾರಿ ತುಂಡು ಸಣ್ಣ ದೊಡ್ಡ ಆಗುತ್ತದೆ. ಮೇಲಿನ ರೋಲರನ್ನು ಒತ್ತುವ ಸ್ಪ್ರಿಂಗ್ ಸಡಿಲಾಗಿದ್ದರೂ ಹಾಗೇ. ಸ್ಪ್ರಿಂಗ್ ಬದಲಿಸುವುದು ಸುಲಭ.

ವೇಗದ ವಿಷಯದಲ್ಲಿ ಒಂದು ಎಚ್ಚರ. ಕೈಯಲ್ಲಿ ತಿರುಗಿಸಲೆಂದು ಮಾಡಿದ ಎರಕದ ಚಕ್ರಕ್ಕೆ ಮೋಟರ್ ಹಾಕಿದವರು ಬೇಗ ಆಗಲಿ ಅಂತ ಮೋಟರಿಗೆ ದೊಡ್ಡ ಪುಲ್ಲಿ ಹಾಕಿಬಿಡುತ್ತಾರೆ. ಎರಕದ ಕಬ್ಬಿಣ ಹಳೆಯದಾದಾಗ ಕಣ್ಣಿಗೆ ಕಾಣದ ಬಿರುಕು ಇರಬಹುದು. ವೇಗ ಜಾಸ್ತಿಯಾದರೆ ಚಕ್ರ ಒಡೆದು ಹಾರಬಹುದು. ಲೆಕ್ಕ ಸುಲಭ: 1440 ಸುತ್ತಿನ ಮೋಟರಿಗೆ 3 ಇಂಚಿನ ಪುಲ್ಲಿ, ಮೆಷಿನ್‌ಗೆ 18 ಇಂಚಿನದು ಇದ್ದರೆ ಚಕ್ರ ನಿಮಿಷಕ್ಕೆ 240 ಸುತ್ತು ತಿರುಗುತ್ತದೆ. ಮೋಟರಿನ ಪುಲ್ಲಿಯನ್ನು 5 ಇಂಚು ಮಾಡಿದರೆ ಅದೇ 400 ಆಯಿತು. ಈಗ ಓಡುತ್ತಿರುವ ವೇಗ ಏರಿಸಬೇಡಿ. ಪವರ್ ಟಿಲ್ಲರಿನಿಂದ ಓಡಿಸುವಾಗ ಆಕ್ಸಿಲರೇಟರ್ ಯಾರ ಕೈಯಲ್ಲಿದೆ ಅನ್ನುವುದರ ಮೇಲೂ ಕಣ್ಣಿರಲಿ.

ಕೈಬೆರಳಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳೆ ಮೆಷಿನ್‌ಗಳ ಮೇವು ಹಾಕುವ ದೋಣಿ ಗಿಡ್ಡ. ಕೊನೆಯ ಹಿಡಿಯನ್ನು ಕೈಯಲ್ಲೇ ತಳ್ಳುತ್ತಾರೆ, ರೋಲರ್ ಬೆರಳು ಹಿಡಿಯುತ್ತದೆ, ಹಿಂದಕ್ಕೆ ತಿರುಗಿಸುವ ಸಲಾಕೆ ಇರುವುದಿಲ್ಲ. ದೋಣಿಯನ್ನು ಮೂರು ಅಡಿ ಉದ್ದ ಮಾಡಿಸಿ. ರೋಲರ್ ಕಡೆಯ ಅರ್ಧ ಭಾಗಕ್ಕೆ ಮೇಲಿನಿಂದ ತಗಡು ಮುಚ್ಚಿ, ಕೈ ರೋಲರಿನವರೆಗೆ ಮುಟ್ಟಲೇ ಬಾರದು. ಚಕ್ರಕ್ಕೂ ಬೆಲ್ಟಿಗೂ ಜಾಲರಿ ಹಾಕಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ದಿನದ ಕೆಲಸ. ಮೋಟರಿಗೆ ಅರ್ಥಿಂಗ್ ಇರಲಿ, ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಓಡಿಸುವ ಮೆಷಿನ್ ಅದು. ಲುಂಗಿ, ಸೆರಗು, ಹೆಗಲ ಮೇಲಿನ ಟವೆಲ್ ಬಿಗಿಯಾಗಿ ಕಟ್ಟಿಕೊಂಡೇ ಹತ್ತಿರ ಹೋಗಿ.

ಹಳೆ ಯಂತ್ರದಿಂದ ನಟ್ಟು, ತಂತಿ ತುಂಡು ಉದುರುವುದೂ ಉಂಟು. ದನ ನಾಲಿಗೆಯಲ್ಲಿ ಆರಿಸುವುದಿಲ್ಲ, ನುಂಗಿಬಿಡುತ್ತದೆ. ಹೊಟ್ಟೆಯಲ್ಲಿ ಕೂತ ಮೊಳೆ ಎದೆಯ ಕಡೆಗೆ ಚುಚ್ಚಿಕೊಂಡು ಹೋಗಿ ಒಳ್ಳೆ ದನವೇ ಸಾಯುವುದುಂಟು. ಕತ್ತರಿಸಿದ ಮೇವು ಬೀಳುವ ಬಾಯಿಯಲ್ಲಿ ಹಳೆ ಸ್ಪೀಕರಿನ ಆಯಸ್ಕಾಂತ ಒಂದನ್ನು ಭದ್ರವಾಗಿ ಕೂರಿಸಿ, ಊಟಕ್ಕೆ ಏಳುವಾಗ ಒರೆಸಿ ನೋಡಿ. ಏನೇನು ಅಂಟಿಕೊಂಡಿರುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಕೊಯ್ಯುವ ಹೊತ್ತು ಯಾವುದು? ತೆನೆಯೊಂದನ್ನು ಕಿತ್ತು ನಡುವೆ ಮುರಿಯಿರಿ. ಕಾಳಿನ ಹೊರತುದಿಯಿಂದ ಹಿಟ್ಟು ಗಟ್ಟಿಯಾಗುತ್ತಾ ಬರುತ್ತದೆ, ಬುಡದ ಕಡೆ ಇನ್ನೂ ಹಾಲಿರುತ್ತದೆ. ಎರಡರ ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಾಳಿನ ಅರ್ಧಕ್ಕೆ ಬಂದಾಗ ಇಡೀ ಗಿಡದಲ್ಲಿ ನೀರು ನೂರಕ್ಕೆ 65ರಿಂದ 70 ಇರುತ್ತದೆ. ಅದೇ ಹೊತ್ತು. ಬಿತ್ತಿ 75ರಿಂದ 90 ದಿನ ಅಂತ ಹೇಳಬಹುದು, ಆದರೆ ದಿನ ಎಣಿಸುವುದಕ್ಕಿಂತ ಕಾಳು ನೋಡುವುದು ಮೇಲು. ಬೇಗ ಕೊಯ್ದರೆ ರಸ ಸೋರುತ್ತದೆ, ಅದರ ಜೊತೆಗೆ ಸಕ್ಕರೆಯೂ ಹೋಗುತ್ತದೆ. ತಡವಾದರೆ ದಂಟು ಒಣಗಿ ತುಳಿಯಲು ಬರುವುದಿಲ್ಲ, ಕಾಳು ಜೀರ್ಣವಾಗದೆ ಸಗಣಿಯಲ್ಲಿ ಹೋಗುತ್ತದೆ.

ಕತ್ತರಿಸಿದ ಮೇವು ಸರಿ ಇದೆಯಾ ಅಂತ ನೋಡಲು ಒಂದು ಮುಷ್ಟಿ ಹಿಡಿದು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಕೈ ಬಿಡಿ. ಬೆರಳ ಸಂದಿಯಿಂದ ರಸ ಇಳಿದರೆ ನೀರು ಜಾಸ್ತಿ. ಉಂಡೆ ಥಟ್ಟನೆ ಬಿಚ್ಚಿ ಉದುರಿದರೆ ಒಣಗಿದೆ. ಅಂಗೈ ತೇವ ಆಗಿ, ಉಂಡೆ ನಿಧಾನವಾಗಿ ಅರಳಿದರೆ ಅದು ಹದ.

ಮೂರು ಕೋಣೆಗೆ ಸರಿಯಾಗಿ ಬಿತ್ತನೆಯನ್ನೂ ಮೂರು ಪಟ್ಟಿ ಮಾಡಿ, ಒಂದೊಂದು ವಾರದ ಅಂತರ ಕೊಡಿ. ಆಗ ಮೂರೂ ಪಟ್ಟಿ ಒಂದೊಂದು ವಾರಕ್ಕೆ ಹದಕ್ಕೆ ಬರುತ್ತದೆ. ನೀವೂ ನಿಮ್ಮ ಮೆಷಿನ್ನೂ ಒಂದು ದಿನ ದುಡಿದು ಆರು ದಿನ ಸುಧಾರಿಸಿಕೊಳ್ಳಬಹುದು. ಆಫ್ರಿಕನ್ ಟಾಲ್ ಥರದ ಮೇವಿನ ಜೋಳ ನೀರು ಗೊಬ್ಬರ ಸರಿಯಿದ್ದರೆ ಎಕರೆಗೆ 16ರಿಂದ 20 ಟನ್ ಹಸಿಮೇವು ಕೊಡುತ್ತದೆ. ನಿಮಗೆ ಹತ್ತು ಗುಂಟೆ ಸಾಕು. ಭತ್ತ ಕೊಯ್ದ ಗದ್ದೆಯಲ್ಲಿ, ನೀರಿನ ಅನುಕೂಲ ಇದ್ದರೆ, ಜನವರಿಯಲ್ಲಿ ಬಿತ್ತಿದರೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಬಿಸಿಲಿರುವಾಗಲೇ ಕೆಲಸ ಮುಗಿಯುತ್ತದೆ. ಮಳೆಯಲ್ಲಿ ತುಂಬುವ ಕಷ್ಟವೇ ಇಲ್ಲ.

ಜೋಳ ಇಲ್ಲದವರು ನೇಪಿಯರ್ ಹುಲ್ಲಿನಲ್ಲಿ ಮಾಡುತ್ತಾರೆ. ಆಗುತ್ತದೆ, ಆದರೆ ಅದಕ್ಕೆ ಆರೈಕೆ ಬೇಕು. ನೇಪಿಯರ್‌ನಲ್ಲಿ ನೀರು ನೂರಕ್ಕೆ 80, ಸಕ್ಕರೆ ಕಮ್ಮಿ. ಜುಲೈನ ಎಳೆ ಹುಲ್ಲನ್ನು ಹಾಗೇ ತುಂಬಿದರೆ ಗಬ್ಬು ವಾಸನೆ ಗ್ಯಾರಂಟಿ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ನಿಂತ ಮೇಲೆ ಕೊಯ್ದು, ಒಂದು ದಿನ ಬಿಸಿಲಿನಲ್ಲಿ ಬಾಡಿಸಿ, ಆಮೇಲೆ ಕತ್ತರಿಸಿ. ಬಾಡಿಸಲು ಆಗದಿದ್ದರೆ 100 ಕಿಲೋ ಹುಲ್ಲಿಗೆ 10ರಿಂದ 15 ಕಿಲೋ ಕತ್ತರಿಸಿದ ಒಣ ಭತ್ತದ ಹುಲ್ಲು ಬೆರೆಸಿ. ಜೊತೆಗೆ ಎರಡು ಕಿಲೋ ಬೆಲ್ಲ, ನೀರಿನಲ್ಲಿ ಕದಡಿ ಪದರ ಪದರಕ್ಕೆ ಚಿಮುಕಿಸಬೇಕು. ಆಲೆಮನೆ ಮಾಡುವ ಊರಲ್ಲಿದ್ದೀರಿ, ಹಳತಾಗಿ ಹುಳಿ ಬಂದ ಜೋನಿ ಬೆಲ್ಲ ಯಾರ ಮನೆಯಲ್ಲಾದರೂ ಸಿಕ್ಕೇ ಸಿಗುತ್ತದೆ, ಅದು ಧಾರಾಳ ಆಗುತ್ತದೆ. ಟನ್ನಿಗೆ ಎರಡು ಕಿಲೋ ಬೆಲ್ಲ ಸಾಕು ಅಂತ ಕೆಲವರು ಹೇಳುವುದನ್ನು ಕೇಳಿರಬಹುದು. ಅಷ್ಟರಿಂದ ನೇಪಿಯರ್‌ಗೆ ಏನೂ ಆಗುವುದಿಲ್ಲ. ಜೋಳಕ್ಕೆ ಬೆಲ್ಲವೂ ಬೇಡ, ಮಜ್ಜಿಗೆಯೂ ಬೇಡ. ಸರಿ ಹದದಲ್ಲಿ ಕೊಯ್ದ ಜೋಳದಲ್ಲಿ ಸಕ್ಕರೆ ಬೇಕಾದಷ್ಟಿದೆ.

ಹುಲ್ಲು ಹೊಡೆಯುವ ಮೆಷಿನ್‌ನಲ್ಲಿ ಕೊಯ್ಯುವುದಾದರೆ ಬ್ಲೇಡ್ ಹಾಕಿ, ನೈಲಾನ್ ದಾರ ಬೇಡ. ದಾರ ಮಣ್ಣನ್ನು ಎಬ್ಬಿಸಿ ಮೇವಿಗೆ ಬಡಿಯುತ್ತದೆ, ಮಣ್ಣಿನ ಜೊತೆ ಕೊಳೆಸುವ ಜೀವಿಗಳೂ ಬರುತ್ತವೆ. ನೆಲದಿಂದ ನಾಲ್ಕಾರು ಇಂಚು ಬಿಟ್ಟೇ ಕೊಯ್ಯಿರಿ. ಇನ್ನೊಂದು ಮಾತು, ಇದು ಅಡಿಕೆಯವರಿಗೇ. ಬೋರ್ಡೋ (ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಕೆಳಗಿನ ಹುಲ್ಲು, ಮೈಲುತುತ್ತ ಕದಡಿದ ಡ್ರಮ್, ಅದೇ ಕೆಲಸಕ್ಕೆ ಬಳಸಿದ ಪ್ಲಾಸ್ಟಿಕ್, ಇವು ಯಾವುದೂ ರಸಮೇವಿನ ಹತ್ತಿರ ಬರಬಾರದು. ಮೈಲುತುತ್ತದಲ್ಲಿರುವ ತಾಮ್ರ ಜಾಸ್ತಿಯಾದರೆ ದನಕ್ಕೆ ವಿಷ.

ಕೋಣೆ ಕಟ್ಟುವುದು ದೊಡ್ಡ ಖರ್ಚಲ್ಲ. ಕೊಟ್ಟಿಗೆಯ ಪಕ್ಕ ಮಾಡಿನ ಕೆಳಗೆ ಜಾಗ ಹುಡುಕಿ, ಏಕೆಂದರೆ ನೀವು ಮೇವು ತೆಗೆಯುವುದು ಜಡಿಮಳೆಯಲ್ಲಿ. ನೆಲ ಮುಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಸೋರಿದ ರಸ ಬಾವಿ ಕಡೆ ಹೋಗದಿರಲಿ. ಮೂರು ಬದಿ ಚಿರೆಕಲ್ಲಿನ ಗೋಡೆ. ಚಿರೆಕಲ್ಲಿನಲ್ಲಿ ತೂತುಗಳಿರುತ್ತವೆ, ಗಾಳಿ ಎಳೆಯುತ್ತದೆ, ಹಾಗಾಗಿ ಒಳಗೆ ಗಿಲಾಯಿ ಮಾಡಿಸಿ, ಇಲ್ಲವೇ ಪ್ಲಾಸ್ಟಿಕ್ ಹಾಸಿ. ಮುಂದಿನ ಬದಿಗೆ ಅಡಿಕೆ ದಬ್ಬೆ ಸಾಕು, ಗೂಟ ಕೊಟ್ಟು ನಿಲ್ಲಿಸಿ. ದಬ್ಬೆಯ ಸಿಬಿರು ಪ್ಲಾಸ್ಟಿಕ್ ಹರಿಯುತ್ತದೆ, ನಡುವೆ ಗೋಣಿಚೀಲ ಕೊಡಿ.

ಪ್ಲಾಸ್ಟಿಕ್ ತರುವಾಗ ಹೆಚ್ಚಿನವರು ಮೋಸ ಹೋಗುತ್ತಾರೆ. ಅಡಿಕೆ ಒಣಗಿಸುವ ತಾಡಪತ್ರಿ ನೋಡಲು ಗಟ್ಟಿ, ಆದರೆ ಒಂದೆರಡು ವರ್ಷ ಬಳಸಿದ್ದನ್ನು ಸೂರ್ಯನಿಗೆ ಹಿಡಿದು ನೋಡಿ, ನಕ್ಷತ್ರದ ಹಾಗೆ ತೂತು ಕಾಣುತ್ತದೆ. ಅದು ಹೊರಗಿನ ಹೊದಿಕೆಗೆ ಆಯಿತು. ಒಳಗೆ ಹೊಸ ಪ್ಲಾಸ್ಟಿಕ್ ಹಾಳೆಯೇ ಬೇಕು, ಕಡಿಮೆ ಅಂದರೆ 500 ಗೇಜ್, ಅಂದರೆ ಸುಮಾರು 125 ಮೈಕ್ರಾನ್.

ತುಂಬುವಾಗ ಒಂದು ಪದರ ಆರು ಇಂಚು ಮೀರಬಾರದು. ಹಾಕಿ, ಹರಡಿ, ತುಳಿಯಿರಿ. ಮಧ್ಯದಲ್ಲಿ ಎಲ್ಲರೂ ತುಳಿಯುತ್ತಾರೆ, ಕೆಡುವುದು ಗೋಡೆಯ ಬದಿ ಮತ್ತು ಮೂಲೆ. ಅಲ್ಲಿ ಹಿಮ್ಮಡಿ ಊರಿ ತುಳಿಯಬೇಕು, ನೆಲ ಗಟ್ಟಿ ಮಾಡುವ ಮರದ ದಿಮ್ಮಸು ಇದ್ದರೆ ಅದರಲ್ಲಿ ಕುಟ್ಟಬೇಕು. ಒಬ್ಬರು ತುಳಿಯುವುದೇ ಕೆಲಸವಾಗಿ ಇರಲಿ, ಮೆಷಿನ್ ನಿಧಾನ ಇದ್ದದ್ದು ಇಲ್ಲಿ ನಿಮಗೆ ಅನುಕೂಲ. ತಾಸಿಗೆ ಎರಡು ಟನ್ ಉಗುಳುವ ಹೊಸ ಮೆಷಿನ್ ಮುಂದೆ ಕಾಲಿನಿಂದ ತುಳಿದು ಪೂರೈಸಲು ಆಗುವುದೇ ಇಲ್ಲ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದೆಯಲ್ಲ, ಬುಟ್ಟಿ ಬುಟ್ಟಿಗೂ ತೂಗದಿದ್ದರೂ ಒಂದು ಬುಟ್ಟಿ ಎಷ್ಟು ಅಂತ ನೋಡಿ ಬುಟ್ಟಿ ಎಣಿಸಿ. ಕೋಣೆ ತುಂಬಿದಾಗ 1150 ಕಿಲೋ ದಾಟಿದ್ದರೆ ತುಳಿತ ಚೆನ್ನಾಗಿದೆ. 900ಕ್ಕೇ ತುಂಬಿಹೋದರೆ ಗಾಳಿ ತುಂಬಿದ್ದೀರಿ ಅಂತಲೇ ಅರ್ಥ, ಇನ್ನೂ ತುಳಿದು ಮೇಲೆ ಹಾಕಿ.

ನಡುವೆ ದಿಬ್ಬದ ಹಾಗೆ ಸ್ವಲ್ಪ ಎತ್ತರಿಸಿ ಮುಚ್ಚಿ. ಪ್ಲಾಸ್ಟಿಕ್ ಮೇಲೆ ಮರಳು ಚೀಲ ಒಂದಕ್ಕೊಂದು ತಾಗಿಸಿ ಹೇರಿ, ಅಂಚುಗಳಿಗೆ ಜಾಸ್ತಿ. ಹಳೆ ಟೈರ್ ಹಾಕುವವರು ತಂತಿ ಎದ್ದಿರುವ ಟೈರ್ ಮಾತ್ರ ಹಾಕಬೇಡಿ. ವಾರಕ್ಕೊಮ್ಮೆ ಸುತ್ತ ನೋಡಿ. ಹೆಗ್ಗಣ ಕಡಿದಿರುತ್ತದೆ, ಮಂಗ ಹಾರಿರುತ್ತದೆ. ತೂತು ಕಂಡ ದಿನವೇ ಟೇಪ್ ಅಂಟಿಸಿ.

ಒಂದೋ ಎರಡೋ ದನ ಇರುವವರು, ಕುಮಟಾ ಅಂಕೋಲಾ ಕಾರವಾರ ಕಡೆಯ ಸಣ್ಣ ಹಿಡುವಳಿಯವರು, ಕೋಣೆಯನ್ನೂ ಕಟ್ಟಬೇಕಾಗಿಲ್ಲ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಮುಚ್ಚಳಕ್ಕೆ ರಿಂಗ್ ಬೀಗ ಇರುವಂಥದ್ದು, ಚೆನ್ನಾಗಿ ತುಂಬಿದರೆ 110ರಿಂದ 120 ಕಿಲೋ ಹಿಡಿಯುತ್ತದೆ. ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿಯೇ ಕೊಳ್ಳಿ. ಕೈಯಲ್ಲಿ ತಿರುಗಿಸುವ ಮೆಷಿನ್‌ನಲ್ಲೂ ದಿನಕ್ಕೆ ಒಂದೆರಡು ಡ್ರಮ್ ತುಂಬಬಹುದು. ಕರಾವಳಿಯ ಉಪ್ಪುಗಾಳಿಗೆ ಅಲಗು ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ದಿನವೇ ತೊಳೆದು ಒರೆಸಿ ಎಣ್ಣೆ ಸವರಿಡಿ. ಮೇವಿನ ರಸವೂ ಹುಳಿಯೇ, ಅದೂ ಕಬ್ಬಿಣ ತಿನ್ನುತ್ತದೆ.

45 ದಿನ ಕಳೆದ ಮೇಲೆ ತೆಗೆಯಿರಿ. ಒಳ್ಳೆಯದು ಹಳದಿ ಮಿಶ್ರಿತ ಹಸಿರು ಇರುತ್ತದೆ, ಹುಳಿ ಮಜ್ಜಿಗೆಯಂಥ ವಾಸನೆ, ಹಿಡಿದರೆ ತುಂಡು ಬಿಡಿಬಿಡಿ. ಬೋರ್ಡೋಗೆ ಬಳಸುವ ಪಿಎಚ್ ಕಾಗದ ಇದ್ದರೆ ಹಿಂಡಿದ ರಸಕ್ಕೆ ಅದ್ದಿ ನೋಡಿ, 4.2ರ ಕೆಳಗಿದ್ದರೆ ನೆಮ್ಮದಿ. ಹಳಸಿದ ಬೆಣ್ಣೆಯ ನಾತ ಬಂದು ಕೈಗೆ ಅಂಟಿದರೆ ನೀರು ಜಾಸ್ತಿಯಾಗಿತ್ತು. ಕಂದು ಬಣ್ಣ, ಸುಟ್ಟ ಬೆಲ್ಲದ ಪರಿಮಳ ಬಂದರೆ ಕಾದುಹೋಗಿದೆ. ದನ ಅದನ್ನು ಆಸೆಪಟ್ಟು ತಿನ್ನಬಹುದು, ಆದರೆ ಅದರ ಪ್ರೋಟೀನ್ ದನಕ್ಕೆ ಸರಿಯಾಗಿ ದಕ್ಕುವುದಿಲ್ಲ. ಬೂಸ್ಟು ಬಂದದ್ದನ್ನು ಸುತ್ತಲಿನ ಒಂದು ಹಿಡಿ ಸೇರಿಸಿ ಎಸೆಯಿರಿ. ಗಬ್ಬದ ದನಕ್ಕೆ ಅಂತೂ ಖಂಡಿತ ಬೇಡ.

ಮೊದಲ ದಿನವೇ 15 ಕಿಲೋ ಹಾಕಬೇಡಿ. ಮೂರು ಕಿಲೋದಿಂದ ಶುರುಮಾಡಿ ಒಂದು ವಾರದಲ್ಲಿ ಏರಿಸಿ. ಕರೆದಾದ ಮೇಲೆ ಕೊಡಿ, ಕರೆಯುವ ಮುಂಚೆ ಕೊಟ್ಟರೆ ಹಾಲಿಗೆ ವಾಸನೆ ಹಿಡಿಯುತ್ತದೆ. ಹಿಂಡಿ ನಿಲ್ಲಿಸಬಹುದಾ ಅಂತ ಮುಂದೆ ಕೇಳುತ್ತೀರಿ ಅಂತ ಗೊತ್ತು. ಆಗುವುದಿಲ್ಲ. ಜೋಳದ ರಸಮೇವಿನ ಒಣ ಅಂಶದಲ್ಲಿ ಪ್ರೋಟೀನ್ ನೂರಕ್ಕೆ 8ರ ಆಸುಪಾಸು. 15 ಕಿಲೋ ರಸಮೇವಿನಲ್ಲಿ ಒಣ ಅಂಶ ಐದು ಕಿಲೋ, ಮಿಶ್ರತಳಿ ದನಕ್ಕೆ ಬೇಕಾದದ್ದರ ಅರ್ಧ. ಉಳಿದದ್ದು ಒಣಹುಲ್ಲು, ಕರಡ, ಹಿಂಡಿಯಿಂದಲೇ ಬರಬೇಕು.

ಮುಖವನ್ನು ದಿನವೂ ಮೇಲಿನಿಂದ ಕೆಳಗೆ ನೇರವಾಗಿ ಕೆರೆದು ತೆಗೆಯಿರಿ, ಗುಹೆ ಕೊರೆಯಬೇಡಿ. ಒಂದು ಕೋಣೆ ಮುಗಿಯುವ ತನಕ ಇನ್ನೊಂದರ ಪ್ಲಾಸ್ಟಿಕ್ ಮುಟ್ಟಬೇಡಿ. ಮೂರನೆಯದು ಉಳಿದರೆ ಚಿಂತೆ ಇಲ್ಲ, ಒಳಗೆ ಗಾಳಿ ಹೋಗದಿದ್ದರೆ ಮುಂದಿನ ಬೇಸಿಗೆಗೂ ಅದು ಹಾಗೇ ಇರುತ್ತದೆ. ಹೊಸ ಮೆಷಿನ್‌ನ ಯೋಚನೆಯನ್ನು ದನ ಹತ್ತು ದಾಟಿದ ಮೇಲೆ ಮಾಡಿ, ಅದೂ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ತರುವಂತಿದ್ದರೆ ಮಾತ್ರ.